ತಟ್ಟೆಯ ಸದ್ದು ಕೇಳಿದರೆ ಸಾಲದು

ಕೆಲವು ವರ್ಷಗಳ ಹಿಂದೆ ನಮ್ಮ ನೆರೆಮನೆಯಲ್ಲಿ ಒಂದು ಹೆಣ್ಣುಮಗುವಿತ್ತು. ವಯಸ್ಸು ಒಂದು ವರ್ಷ ಎಂಟು ತಿಂಗಳು. ಲವಲವಿಕೆಯ ಮಗು, ಓಡಾಡುತ್ತಿತ್ತು, ನಗುತ್ತಿತ್ತು, ಕಂಡವರ ಕೈಯಲ್ಲಿದ್ದುದನ್ನೆಲ್ಲ ಕಿತ್ತುಕೊಳ್ಳುತ್ತಿತ್ತು. ಆದರೆ ಮಾತು ಮಾತ್ರ ಬಂದಿರಲಿಲ್ಲ. 'ಅಮ್ಮ' ಎಂಬುದನ್ನು ಹೋಲುವ ಒಂದು ಧ್ವನಿಯನ್ನು ಬಿಟ್ಟರೆ ಬೇರೆ ಯಾವ ಪದವೂ ಅದರ ಬಾಯಿಂದ ಹೊರಡುತ್ತಿರಲಿಲ್ಲ. ತಾಯಿಗೆ ಅನುಮಾನ, ಅಜ್ಜಿಗೆ ಧೈರ್ಯ. "ಇದರ ಅಪ್ಪನೂ ಮೂರು ವರ್ಷ ತುಂಬುವ ತನಕ ಬಾಯಿಬಿಡಲಿಲ್ಲ. ಈಗ ಅವನ ಬಾಯಿ ಮುಚ್ಚಿಸುವುದೇ ಕಷ್ಟವಾಗಿದೆ" ಎಂದು ಆಕೆ ಎಲ್ಲರನ್ನೂ ನಗಿಸುತ್ತಿದ್ದರು.

ಒಂದು ಸಂಜೆ ಈ ವ್ಯಾಜ್ಯ ನಮ್ಮ ಮುಂದೆ ಬಂದಿತು. "ನೀನು ಕಾಲೇಜಿನಲ್ಲಿ ಶಬ್ದದ ಪಾಠ ಹೇಳುವವನಲ್ಲವೇನಪ್ಪಾ? ನೀನೇ ಪರೀಕ್ಷೆ ಮಾಡಿ ಇವಳಿಗೆ ಸಮಾಧಾನ ಹೇಳು" ಎಂದರು ಅಜ್ಜಿ. ನಾವು ಗಂಭೀರವಾಗಿ ಎದ್ದು, ಸ್ಟೀಲಿನ ಊಟದ ತಟ್ಟೆಯೊಂದನ್ನೂ ಒಂದು ಸೌಟನ್ನೂ ತರಿಸಿ, ಮಗುವಿನ ಹಿಂದೆ ನಿಂತು ಬಾರಿಸಿದೆವು. ಮಗು ಬೆಚ್ಚಿ ತಿರುಗಿ ನೋಡಿತು. ಎಲ್ಲರೂ ನಕ್ಕರು. "ಕಿವಿ ಸರಿಯಾಗಿದೆ, ಚಿಂತೆ ಬೇಡ" ಎಂದು ನಾವು ತೀರ್ಪಿತ್ತೆವು.

ಒಂದೂವರೆ ವರ್ಷ ಕಳೆಯಿತು. ಮಾತು ಬರಲಿಲ್ಲ. ಕೊನೆಗೆ ಶ್ರವಣತಜ್ಞರಲ್ಲಿಗೆ ಹೋದಾಗ ಮಗುವಿಗೆ ಮೂರು ವರ್ಷ ಎರಡು ತಿಂಗಳಾಗಿತ್ತು. ಎರಡು ಕಿವಿಗಳಲ್ಲಿಯೂ ತೀವ್ರವಾದ ಶ್ರವಣದೋಷವಿದೆಯೆಂದೂ ಅದು ಬಹುಶಃ ಹುಟ್ಟಿನಿಂದಲೇ ಇದ್ದಿರಬೇಕೆಂದೂ ವರದಿ ಬಂದಿತು. ಆ ವರದಿಯ ನಕ್ಷೆಯನ್ನು ನೋಡಿದೊಡನೆಯೇ ನಮ್ಮ ತಟ್ಟೆಯ ಪ್ರಯೋಗ ಎಷ್ಟು ಸುಳ್ಳಾಗಿತ್ತೆಂಬುದು ನಮಗೆ ಅರ್ಥವಾಯಿತು. ಆ ತಪ್ಪನ್ನು ನಮ್ಮ ವಾಚಕರು ಮಾಡದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಪ್ರಯೋಗದಲ್ಲಿದ್ದ ಮೂರು ತಪ್ಪುಗಳು

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ನಾವು ಮೊದಲು ಹೇಳಿಕೊಡುವ ಪಾಠ ಯಾವುದು? ಅಳೆಯಬೇಕಾದುದನ್ನು ಮಾತ್ರವೇ ಅಳೆಯುತ್ತಿದ್ದೇವೆಯೇ, ನಡುವೆ ಬೇರೆ ಏನಾದರೂ ನುಸುಳಿದೆಯೇ ಎಂದು ನೋಡಿಕೊಳ್ಳುವುದು. ಆ ಸಂಜೆ ನಾವು ಮರೆತದ್ದು ಈ ಪಾಠವನ್ನೇ.

ಮೊದಲನೆಯದಾಗಿ, ಮಗುವಿಗೆ ಕಿವಿಯೊಂದೇ ಇಂದ್ರಿಯವಲ್ಲ. ದೀಪ ನಮ್ಮ ಬೆನ್ನ ಹಿಂದಿತ್ತು. ನಾವು ಕೈಯೆತ್ತಿದಾಗ ಮಗುವಿನ ಎದುರಿನ ಗೋಡೆಯ ಮೇಲೆ ನೆರಳು ಅಲುಗಿರಬೇಕು. ನೆಲದ ಮೇಲೆ ಇಟ್ಟ ಹೆಜ್ಜೆಯ ಕಂಪನ ಅಂಗಾಲಿಗೆ ತಿಳಿಯುತ್ತದೆ. ಬಾಗಿಲನ್ನು ದಡಾರನೆ ಹಾಕಿದರೆ ಗಾಳಿಯ ತಳ್ಳು ಕೆನ್ನೆಗೆ ತಾಗುತ್ತದೆ. ಸರಿಯಾಗಿ ಕೇಳದ ಮಗು ಇಂತಹ ಸೂಚನೆಗಳನ್ನು ಹಿಡಿಯುವುದರಲ್ಲಿ ಬಹು ಚುರುಕಾಗಿರುವುದುಂಟು.

ಎರಡನೆಯದು ಶಬ್ದದ ತೀವ್ರತೆ. ಇದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಆರೋಗ್ಯವಂತ ಕಿವಿಗೆ ಕೇಳಿಸುವ ಅತ್ಯಂತ ಕ್ಷೀಣ ಶಬ್ದ ಸುಮಾರು ಸೊನ್ನೆ ಡೆಸಿಬೆಲ್. ಪಿಸುಮಾತು ಸುಮಾರು ೩೦, ಸಾಧಾರಣ ಸಂಭಾಷಣೆ ಸುಮಾರು ೬೦. ಪ್ರತಿ ಹತ್ತು ಡೆಸಿಬೆಲ್ ಏರಿದಾಗಲೂ ತೀವ್ರತೆ ಹತ್ತು ಪಟ್ಟು ಏರುತ್ತದೆ. ಹತ್ತಿರದಲ್ಲಿ ಬಾರಿಸಿದ ಲೋಹದ ತಟ್ಟೆ ೯೦ ಡೆಸಿಬೆಲನ್ನು ಮುಟ್ಟಬಹುದು. ಎಂದರೆ ಮಾತಿಗಿಂತ ಸಾವಿರ ಪಟ್ಟು ತೀವ್ರ. ಸಾವಿರ ಪಟ್ಟು ಬಲವಾದ ಶಬ್ದ ಕೇಳಿಸಿತೆಂದ ಮಾತ್ರಕ್ಕೆ ಮಾತು ಕೇಳಿಸುತ್ತದೆ ಎಂದು ತೀರ್ಮಾನಿಸುವುದು, ಸಿನಿಮಾ ಭಿತ್ತಿಪತ್ರದ ದಪ್ಪಕ್ಷರ ಕಂಡಿತೆಂದು ಕಣ್ಣಿಗೆ ಪಂಚಾಂಗದ ಅಕ್ಷರವೂ ಕಾಣುತ್ತದೆ ಎಂದು ಹೇಳಿದಂತೆಯೇ ಸರಿ.

ಮೂರನೆಯ ತಪ್ಪು ಎಲ್ಲಕ್ಕಿಂತ ಸೂಕ್ಷ್ಮವಾದುದು. ಶ್ರವಣದೋಷ ಎಲ್ಲ ಸ್ವರಗಳಲ್ಲಿಯೂ ಒಂದೇ ಸಮನಾಗಿರಬೇಕೆಂಬ ನಿಯಮವಿಲ್ಲ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದು ಶಬ್ದದ ಆವೃತ್ತಿ. ಅದರ ಮಾನ ಹರ್ಟ್ಸ್. ಎಳೆಯರ ಕಿವಿ ಸುಮಾರು ೨೦ರಿಂದ ೨೦,೦೦೦ ಹರ್ಟ್ಸ್‌ವರೆಗಿನ ಶಬ್ದಗಳನ್ನು ಕೇಳಬಲ್ಲುದು. ನೆರೆಮನೆಯ ಮಗುವಿನ ನಕ್ಷೆಯಲ್ಲಿ ೨೫೦ ಹರ್ಟ್ಸ್‌ನ ಶಬ್ದ ೩೫ ಡೆಸಿಬೆಲ್ ಇದ್ದರೆ ಕೇಳಿಸುತ್ತಿತ್ತು. ಆದರೆ ೪,೦೦೦ ಹರ್ಟ್ಸ್‌ನ ಶಬ್ದ ಕೇಳಿಸಬೇಕಾದರೆ ೮೦ ಡೆಸಿಬೆಲ್ ಬೇಕಾಗಿತ್ತು. ಗೆರೆ ಎಡದಿಂದ ಬಲಕ್ಕೆ ಬೆಟ್ಟದ ಇಳಿಜಾರಿನಂತೆ ಕೆಳಕ್ಕೆ ಬಿದ್ದಿತ್ತು.

ಇದರ ಪರಿಣಾಮವೇನು? ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಬಲ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿರುತ್ತದೆ. 'ಸ' 'ಶ' ಮೊದಲಾದ ವ್ಯಂಜನಗಳ ಗುರುತು ಮೇಲಿನ ಆವೃತ್ತಿಗಳಲ್ಲಿರುತ್ತದೆ, ಅದೂ ಬಹು ಕ್ಷೀಣವಾಗಿ. ಇಂತಹ ಕಿವಿಗೆ ಮಾತಿನ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಊಟಕ್ಕೆ ಕುಳಿತ ಮಗುವಿಗೆ 'ಸಾಕು' ಎಂಬುದೂ 'ಹಾಕು' ಎಂಬುದೂ ಒಂದೇ ಆಗಿ ಕೇಳಿಸಿದರೆ, ಒಂದಕ್ಕೊಂದು ತದ್ವಿರುದ್ಧವಾದ ಆ ಎರಡು ಪದಗಳ ಅರ್ಥವನ್ನು ಅದು ಹೇಗೆ ತಾನೆ ಬೇರೆ ಮಾಡಿಕೊಂಡೀತು? ಆದರೂ ಅದು ಗುಡುಗಿಗೆ ಬೆಚ್ಚುತ್ತದೆ, ಲಾರಿಯ ಹಾರನ್ನಿಗೆ ತಿರುಗುತ್ತದೆ. ಮನೆಯವರು ಕಿವಿ ಚೆನ್ನಾಗಿದೆಯೆಂದು ನಂಬುತ್ತಾರೆ. ಕರೆದಾಗ ಬಾರದಿದ್ದರೆ ಹಟಮಾರಿ ಎನ್ನುತ್ತಾರೆ.

ಮಾತಿನ ಗಡಿಯಾರ

ಒಂದೂವರೆ ವರ್ಷ ತಡವಾದರೆ ಏನು ಮಹಾ ಮುಳುಗಿತು ಎಂದು ಕೆಲವರು ಕೇಳಬಹುದು. ದೊಡ್ಡವರಿಗೆ ಕನ್ನಡಕ ಒಂದು ವರ್ಷ ತಡವಾಗಿ ಬಂದರೆ ಒಂದು ವರ್ಷ ಓದಲು ಕಷ್ಟವಾಗುತ್ತದೆ, ಅಷ್ಟೆ. ಎಳೆಯ ಮಗುವಿನ ವಿಷಯ ಹಾಗಲ್ಲ. ಮಗು ಭಾಷೆಯನ್ನು ಕಲಿಯಲು ಪ್ರಕೃತಿಯೇ ಒಂದು ಕಾಲವನ್ನು ಗೊತ್ತುಮಾಡಿದೆ.

ಈ ಕಲಿಕೆ ಹುಟ್ಟಿಗೆ ಮೊದಲೇ ಆರಂಭವಾಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶುವಿನ ಕಿವಿ ಕೆಲಸ ಮಾಡುತ್ತಿರುತ್ತದೆ. ಹುಟ್ಟಿ ಮೂರು ದಿನಗಳೂ ತುಂಬದ ಹಸುಳೆಗಳು ಬೇರೆ ಹೆಂಗಸಿನ ಧ್ವನಿಗಿಂತ ತಮ್ಮ ತಾಯಿಯ ಧ್ವನಿಯನ್ನೇ ಹೆಚ್ಚು ಬಯಸುತ್ತವೆ ಎಂಬುದನ್ನು ಅಮೆರಿಕದ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬವರು ೧೯೮೦ರಲ್ಲಿ ತೋರಿಸಿದರು.

ಕೆನಡಾ ದೇಶದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ೧೯೮೪ರಲ್ಲಿ ಪ್ರಕಟಿಸಿದ ಸಂಶೋಧನೆ ನಮಗೆ ಇನ್ನೂ ಹತ್ತಿರದ್ದು. ಇಂಗ್ಲಿಷ್ ಮಾತನಾಡುವ ಮನೆಗಳ ಮಕ್ಕಳಿಗೆ ಅವರು ಹಿಂದಿಯ 'ತ'ಕಾರ 'ಟ'ಕಾರಗಳನ್ನು ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಆ ಭಾಷೆಯ ದೊಡ್ಡವರಿಗೆ ಇದನ್ನು ಗುರುತಿಸುವುದು ಬಹಳ ಕಷ್ಟ. ಆದರೆ ಆರರಿಂದ ಎಂಟು ತಿಂಗಳ ಕೂಸುಗಳು ಸುಲಭವಾಗಿ ಗುರುತಿಸಿದವು! ಹತ್ತರಿಂದ ಹನ್ನೆರಡು ತಿಂಗಳಾಗುವ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಮರೆಯಾಗಿತ್ತು. ಮನೆಯಲ್ಲಿ ಬಳಸದ ಭೇದಗಳನ್ನು ಮಿದುಳು ಒಂದು ವರ್ಷದೊಳಗಾಗಿಯೇ ಬದಿಗಿರಿಸುತ್ತದೆ, ಬಳಸುವುದನ್ನು ಗಟ್ಟಿಮಾಡಿಕೊಳ್ಳುತ್ತದೆ ಎಂದು ಇದರ ಅರ್ಥ. ನಮ್ಮ ಮನೆಗಳ ಮಕ್ಕಳು 'ತ'ಕಾರ 'ಟ'ಕಾರಗಳನ್ನೂ 'ಲ'ಕಾರ 'ಳ'ಕಾರಗಳನ್ನೂ ಬೇರೆಬೇರೆಯಾಗಿ ಉಳಿಸಿಕೊಳ್ಳುವುದು ಅವನ್ನು ದಿನವೂ ಕೇಳುವುದರಿಂದಲೇ.

ಕೇಳದ ಮಗುವಿಗೆ ಈ ಅಮೂಲ್ಯವಾದ ತಿಂಗಳುಗಳು ಬರಿದಾಗಿ ಹೋಗುತ್ತವೆ. ಅಷ್ಟೇ ಅಲ್ಲ, ಕಿವಿಯಿಂದ ಸುದ್ದಿ ಬಾರದಿದ್ದರೆ ಮಿದುಳಿನಲ್ಲಿ ಶ್ರವಣಕ್ಕೆ ಮೀಸಲಾದ ಭಾಗವನ್ನು ಕ್ರಮೇಣ ಇತರ ಕೆಲಸಗಳು ಆಕ್ರಮಿಸತೊಡಗುತ್ತವೆ. ಇನ್ನೊಂದು ಮೋಸವೂ ಉಂಟು. ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಕೇಕೆ ಹಾಕುತ್ತದೆ, 'ಊ' 'ಆ' ಎನ್ನುತ್ತದೆ. 'ಬಾಬಾಬಾ' 'ದಾದಾದಾ' ಎಂಬ ಸ್ಫುಟವಾದ ತೊದಲು ಬರಬೇಕಾದ ಕಾಲದಲ್ಲಿ ಮಾತ್ರ ಅದು ಹಿಂದೆ ಬೀಳುತ್ತದೆ. ಕಣ್ಣಿನಿಂದ ನೋಡಿ ಕಂಡುಹಿಡಿಯಬಹುದಾದ ಲಕ್ಷಣ ಯಾವುದೂ ಇಲ್ಲ. ಹಾಗಾದರೆ ತೊಟ್ಟಿಲ ಕೂಸಿನ ಕಿವಿಯನ್ನು ಪರೀಕ್ಷಿಸುವುದು ಹೇಗೆ?

ಕಿವಿಯಿಂದ ಹೊರಡುವ ಶಬ್ದ

ಉತ್ತರ ದೊರೆತದ್ದು ಭೌತಶಾಸ್ತ್ರದಿಂದ ಎಂಬುದು ನಮ್ಮಂತಹ ಅಧ್ಯಾಪಕರಿಗೆ ಸಂತೋಷದ ಸಂಗತಿ. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡಿರುವ ಒಂದು ನಳಿಕೆಯುಂಟು. ಅದರ ಹೆಸರು ಕಾಕ್ಲಿಯ. ಬಿಡಿಸಿದರೆ ಸುಮಾರು ೩೫ ಮಿಲಿಮೀಟರ್ ಉದ್ದ. ಇದರ ಬುಡದಲ್ಲಿ ಮೇಲಿನ ಸ್ವರಗಳೂ ತುದಿಯಲ್ಲಿ ಕೆಳಗಿನ ಸ್ವರಗಳೂ ಗ್ರಹಿಸಲ್ಪಡುತ್ತವೆ. ಶಬ್ದ ಇದರೊಳಗೆ ಅಲೆಯಾಗಿ ಸಾಗುವ ಬಗೆಯನ್ನು ತೋರಿಸಿದ ಗೇಯಾರ್ಗ್ ಫಾನ್ ಬೇಕೇಶಿ ೧೯೬೧ರಲ್ಲಿ ನೊಬೆಲ್ ಪಾರಿತೋಷಕ ಪಡೆದರು, ಅವರೂ ಭೌತವಿಜ್ಞಾನಿಗಳೇ. ಈ ನಳಿಕೆಯಲ್ಲಿ ಸಾಲಾಗಿ ನಿಂತ ಸೂಕ್ಷ್ಮ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾಡಿ ನರಕ್ಕೆ ಒಪ್ಪಿಸುತ್ತವೆ. ಮನುಷ್ಯನಲ್ಲಿ ಒಮ್ಮೆ ನಾಶವಾದ ರೋಮಕೋಶ ಮತ್ತೆ ಬೆಳೆಯುವುದಿಲ್ಲ.

ಕಿವಿ ಶಬ್ದವನ್ನು ಸುಮ್ಮನೆ ಸ್ವೀಕರಿಸುವ ಯಂತ್ರವಲ್ಲ, ತಾನೇ ಶಕ್ತಿ ವ್ಯಯಿಸಿ ಕಂಪನವನ್ನು ಹಿಗ್ಗಿಸುತ್ತದೆ, ಆದುದರಿಂದ ಕಿವಿಯೇ ಶಬ್ದ ಹೊರಡಿಸಬಹುದು ಎಂದು ಥಾಮಸ್ ಗೋಲ್ಡ್ ಎಂಬಾತ ೧೯೪೮ರಲ್ಲಿ ಸೂಚಿಸಿದ್ದ. ಮುಂದೆ ಖಗೋಳವಿಜ್ಞಾನದಲ್ಲಿ ಹೆಸರಾದವನು ಈತನೇ. ಆಗಿನ ಉಪಕರಣಗಳಿಗೆ ಅದು ನಿಲುಕಲಿಲ್ಲ, ಮಾತು ಮರೆತುಹೋಯಿತು. ಮೂವತ್ತು ವರ್ಷಗಳ ಮೇಲೆ, ೧೯೭೮ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಎಂಬ ಭೌತವಿಜ್ಞಾನಿ ಕಿವಿಯ ನಾಳದಲ್ಲಿ ಪುಟ್ಟ ಧ್ವನಿವರ್ಧಕವನ್ನೂ ಮೈಕನ್ನೂ ಇಟ್ಟು, 'ಟಿಕ್' ಎಂಬ ಶಬ್ದವನ್ನು ಒಳಗೆ ಕಳುಹಿಸಿ, ಮರಳಿ ಬರುವುದನ್ನು ಆಲಿಸಿದ. ಕ್ಷೀಣವಾದ ಪ್ರತಿಧ್ವನಿಯೊಂದು ಬಂದಿತು.

ಅದು ಕಿವಿಯ ತಮಟೆಯಿಂದ ಹಾರಿಬಂದ ಸಾಮಾನ್ಯ ಪ್ರತಿಧ್ವನಿಯಾಗಿರಬಾರದೇಕೆ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ದೊಡ್ಡವರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್. ಹೋಗಿಬರುವ ದೂರ ಐದು ಸೆಂಟಿಮೀಟರ್. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ಆದುದರಿಂದ ತಮಟೆಯ ಪ್ರತಿಧ್ವನಿ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಏಳನೆಯ ಒಂದು ಪಾಲಿನಷ್ಟು ಕಾಲದಲ್ಲಿಯೇ ಬಂದುಬಿಡಬೇಕು. ಕೆಂಪ್ ಕೇಳಿದ್ದು ಬಂದುದು ಐದರಿಂದ ಹದಿನೈದು ಮಿಲಿಸೆಕೆಂಡುಗಳ ಮೇಲೆ! ಇಷ್ಟು ತಡವಾಗಬೇಕಾದರೆ ಅದು ಕಾಕ್ಲಿಯದೊಳಕ್ಕೆ ಹೋಗಿ, ಅಲ್ಲಿನ ಜೀವಂತ ರೋಮಕೋಶಗಳ ಚಟುವಟಿಕೆಯಿಂದ ಹುಟ್ಟಿ, ಬಂದ ದಾರಿಯಲ್ಲಿಯೇ ಹಿಂದಿರುಗಿರಬೇಕು. ರೋಮಕೋಶಗಳು ಸತ್ತಿದ್ದರೆ ಈ ಮಾರುಲಿ ಬಾರದು.

ಇದೇ ಇಂದು ನವಜಾತ ಶಿಶುವಿನ ಕಿವಿಯ ಪರೀಕ್ಷೆಗೆ ಆಧಾರ. ಹಾಲು ಕುಡಿದು ಮಲಗಿದ ಕೂಸಿನ ಕಿವಿಯಲ್ಲಿ ಮೆತ್ತನೆಯ ಬಿರಡೆಯೊಂದನ್ನಿಟ್ಟು ಟಿಕ್ ಶಬ್ದಗಳನ್ನು ನೂರಾರು ಬಾರಿ ಕಳುಹಿಸುತ್ತಾರೆ. ಉತ್ತರಗಳ ಸರಾಸರಿ ತೆಗೆದಾಗ ಅಡ್ಡಾದಿಡ್ಡಿಯಾದ ಗದ್ದಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ಮಾರುಲಿ ಮಾತ್ರ ಉಳಿಯುತ್ತದೆ. ನೂರು ಬಾರಿಯ ಸರಾಸರಿಯಲ್ಲಿ ಗದ್ದಲ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಕೆಲವೇ ನಿಮಿಷಗಳ ಕೆಲಸ, ಸೂಜಿಯಿಲ್ಲ, ನೋವಿಲ್ಲ. ಕೂಸು ಏಳುವುದೂ ಇಲ್ಲ.

ಈ ಪರೀಕ್ಷೆಗೂ ಮಿತಿಗಳುಂಟು. ಹುಟ್ಟಿದ ಮೊದಲ ದಿನ ಕಿವಿಯಲ್ಲಿ ಉಳಿದ ದ್ರವದಿಂದ ಮಾರುಲಿ ಕಾಣದೆ ಹೋಗಬಹುದು; ಆಗ ಕೆಲವು ದಿನಗಳ ಮೇಲೆ ಮತ್ತೆ ನೋಡಬೇಕು. ರೋಮಕೋಶಗಳು ಚೆನ್ನಾಗಿದ್ದು ನರದಲ್ಲಿಯೇ ದೋಷವಿರುವುದೂ ಉಂಟು. ಅದಕ್ಕಾಗಿ ತಲೆಯ ಚರ್ಮದ ಮೇಲೆ ವಿದ್ಯುದ್ವಾರಗಳನ್ನಂಟಿಸಿ, ಶಬ್ದ ಕೇಳಿಸಿದ ಹತ್ತು ಮಿಲಿಸೆಕೆಂಡುಗಳೊಳಗೆ ಶ್ರವಣನರದಲ್ಲಿಯೂ ಮಿದುಳಿನ ಕಾಂಡದಲ್ಲಿಯೂ ಏಳುವ ವಿದ್ಯುತ್ ಅಲೆಗಳನ್ನು ನೋಡುವ ಎರಡನೆಯ ಪರೀಕ್ಷೆಯಿದೆ. ತಿಂಗಳು ತುಂಬದೆ ಹುಟ್ಟಿದ, ಹುಟ್ಟಿದೊಡನೆ ತೀವ್ರನಿಗಾ ಘಟಕದಲ್ಲಿದ್ದ, ಕಾಮಾಲೆ ಬಹಳ ಏರಿದ ಮಕ್ಕಳಿಗೆ ಇದು ಅವಶ್ಯಕ.

ಒಂದು, ಮೂರು, ಆರು

ಸಾವಿರ ಶಿಶುಗಳಲ್ಲಿ ಒಂದರಿಂದ ಮೂರರಷ್ಟು ಶಾಶ್ವತ ಶ್ರವಣದೋಷದೊಡನೆ ಹುಟ್ಟುತ್ತವೆ. ಇವನ್ನು ಬೇಗ ಕಂಡುಹಿಡಿದರೆ ನಿಜವಾಗಿಯೂ ಪ್ರಯೋಜನವಿದೆಯೇ? ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು ೧೫೦ ಮಕ್ಕಳನ್ನು ಪರೀಕ್ಷಿಸಿ ೧೯೯೮ರಲ್ಲಿ ಫಲಿತಾಂಶ ಪ್ರಕಟಿಸಿದರು. ೭೨ ಮಕ್ಕಳ ದೋಷ ಆರು ತಿಂಗಳೊಳಗೆ ಪತ್ತೆಯಾಗಿತ್ತು. ೭೮ ಮಕ್ಕಳದು ಆಮೇಲೆ. ಪತ್ತೆಯಾದ ಬಳಿಕ ಇಬ್ಬಗೆಯವರಿಗೂ ನೆರವು ದೊರೆತಿತ್ತು. ಆದರೂ ಬುದ್ಧಿಯ ಬೆಳವಣಿಗೆ ಸಹಜವಾಗಿದ್ದ ಮಕ್ಕಳಲ್ಲಿ ಮೊದಲ ಗುಂಪಿನವರ ಭಾಷೆ ಎರಡನೆಯ ಗುಂಪಿನವರದಕ್ಕಿಂತ ಸ್ಪಷ್ಟವಾಗಿ ಮುಂದಿತ್ತು. ದೋಷ ಅಲ್ಪವಾಗಿರಲಿ ಅಧಿಕವಾಗಿರಲಿ, ಮನೆಯವರು ಬಾಯಿಮಾತು ಬಳಸಲಿ ಕೈಸನ್ನೆಯ ಭಾಷೆ ಬಳಸಲಿ, ಈ ವ್ಯತ್ಯಾಸ ಕಂಡುಬಂದಿತು.

ಇಂತಹ ಅನುಭವದಿಂದ ಹುಟ್ಟಿದ ಸೂತ್ರ: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ. ಈ ಮೂರು ಅಂಕಿಗಳನ್ನು ನಮ್ಮ ವಾಚಕರು ಮಗ್ಗಿಯಂತೆ ನೆನಪಿಡಬೇಕು. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗುವಿಗೂ ಮುಂದೆ ಮಿದುಳಿನ ಪೊರೆಯ ಉರಿಯೂತದಂತಹ ಕಾಯಿಲೆಯಿಂದ ಶ್ರವಣ ಕೆಡಬಹುದು. ಆದುದರಿಂದ ಮಾತು ತಡವಾದ ಯಾವ ಮಗುವಿಗಾದರೂ ಮೊದಲು ಕಿವಿಯ ಪರೀಕ್ಷೆ ಆಗತಕ್ಕದ್ದು.

ಕೆಲವು ಕಾರಣಗಳನ್ನು ಮೊದಲೇ ತಡೆಯಬಹುದು. ಗರ್ಭಿಣಿಗೆ ರುಬೆಲ್ಲಾ ಜ್ವರ ತಗುಲಿದರೆ ಕೂಸಿನ ಕಿವಿ, ಕಣ್ಣು, ಹೃದಯಗಳಿಗೆ ಹಾನಿಯಾಗಬಹುದು. ೨೦೧೭ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಕ್ತಸಂಬಂಧದಲ್ಲಿ ಮದುವೆಯಾದಾಗ, ಇಬ್ಬರಲ್ಲಿಯೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡಿ ಪ್ರಕಟವಾಗುವ ಸಂಭವ ಹೆಚ್ಚು. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ವರಿಸುವ ಪದ್ಧತಿಯಿರುವ ನಮ್ಮ ನಾಡಿನಲ್ಲಿ ಇದು ಗಮನಿಸಬೇಕಾದ ಮಾತು. ಆದರೆ ಆಗಿಹೋದ ಮದುವೆಗಾಗಿ ತಾಯಿಯನ್ನು ದೂಷಿಸುವುದರಿಂದ ಮಗುವಿನ ಕಿವಿ ಸರಿಹೋಗುವುದಿಲ್ಲ.

ಉಪಕರಣವೊಂದೇ ಸಾಲದು

ನಿರ್ಣಯವಾಯಿತು; ಮುಂದೇನು? ಬಹು ಮಕ್ಕಳಿಗೆ ಶ್ರವಣಸಾಧನ ನೆರವಾಗುತ್ತದೆ. ಇಂದಿನ ಸಾಧನ ಎಲ್ಲ ಶಬ್ದವನ್ನೂ ಒಂದೇ ಸಮನೆ ಹೆಚ್ಚಿಸದೆ, ಆ ಕಿವಿಗೆ ಯಾವ ಆವೃತ್ತಿಯಲ್ಲಿ ಎಷ್ಟು ಕೊರತೆಯೋ ಅಲ್ಲಿ ಅಷ್ಟನ್ನು ತುಂಬುತ್ತದೆ. ಕಿವಿಯೊಳಗೆ ಕೂರುವ ಅಚ್ಚು ಮಗುವಿನ ಕಿವಿ ಬೆಳೆದಂತೆ ಸಡಿಲವಾಗುತ್ತದೆ. ಆಗ ಸಾಧನ ಸಿಳ್ಳೆ ಹಾಕತೊಡಗುತ್ತದೆ. ಸಭೆಗಳಲ್ಲಿ ಮೈಕು ಕಿರುಚುವುದೂ ಇದೇ ಕಾರಣದಿಂದ: ಹೊರಬಂದ ಶಬ್ದ ಮತ್ತೆ ಮೈಕಿಗೆ ನುಗ್ಗುತ್ತದೆ. ಸಿಳ್ಳೆ ಕೇಳಿದರೆ ಸಾಧನವನ್ನು ತೆಗೆದು ಪೆಟ್ಟಿಗೆಯಲ್ಲಿಡಬಾರದು, ಅಚ್ಚನ್ನು ಬದಲಾಯಿಸಬೇಕು.

ಆದರೆ ಸಾಧನ ಶಬ್ದವನ್ನು ಮಾತ್ರ ತಂದುಕೊಡುತ್ತದೆ, ಭಾಷೆಯನ್ನಲ್ಲ. ಭಾಷೆಯನ್ನು ಕೊಡತಕ್ಕವರು ಮನೆಯವರು. ಇಲ್ಲಿಯೂ ಒಂದು ಸಣ್ಣ ಲೆಕ್ಕವಿದೆ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಾಗಿರುತ್ತದೆಯೆಂದರೆ ವಾರಕ್ಕೆ ೮೪ ಗಂಟೆಗಳಾದವು. ವಾಕ್‌ಚಿಕಿತ್ಸಕರೊಡನೆ ಅದು ಕಳೆಯುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ೮೨ ಗಂಟೆಗಳಲ್ಲಿ ಏನು ನಡೆಯುತ್ತದೆಂಬುದರ ಮೇಲೆ ಫಲ ನಿಂತಿದೆ. ಆದುದರಿಂದ ಒಳ್ಳೆಯ ಚಿಕಿತ್ಸಕರು ಮಗುವಿನೊಡನೆ ತಾಯಿಗೂ ಪಾಠ ಹೇಳುತ್ತಾರೆ.

ಆ ಪಾಠದಲ್ಲಿ ಮೊದಲನೆಯದು ದೂರ. ದೂರ ಅರ್ಧಕ್ಕಿಳಿದರೆ ಶಬ್ದ ಸುಮಾರು ಆರು ಡೆಸಿಬೆಲ್ ಏರುತ್ತದೆ. ಎರಡು ಮೀಟರ್ ಆಚೆಯಿಂದ ಕೂಗುವ ಬದಲು ಅರ್ಧ ಮೀಟರಿನಷ್ಟು ಹತ್ತಿರ ಬಂದು ಮಾತನಾಡಿದರೆ ಹನ್ನೆರಡು ಡೆಸಿಬೆಲ್ ಖರ್ಚಿಲ್ಲದೆ ದೊರೆಯುತ್ತದೆ. ಮಗುವಿಗೆ ಮುಖವೂ ತುಟಿಯೂ ಕಾಣುತ್ತದೆ. ಎರಡನೆಯದು ಗದ್ದಲ. ದೂರದರ್ಶನವನ್ನೂ ಮಿಕ್ಸಿಯನ್ನೂ ನಿಲ್ಲಿಸಿ ಮಾತನಾಡಬೇಕು. ಏಕೆಂದರೆ ಸಾಧನ ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸುತ್ತದೆ.

ಮೂರನೆಯದು ಮಾತನಾಡುವ ಬಗೆ. ಮಗುವನ್ನು ಎದುರು ಕೂರಿಸಿ "ಹೇಳು, ಹೇಳು" ಎಂದು ಪೀಡಿಸುವುದರಿಂದ ಪ್ರಯೋಜನವಿಲ್ಲ. ಅದರ ಕಣ್ಣು ಎಲ್ಲಿದೆಯೋ ಅದನ್ನು ಕುರಿತು ಮಾತನಾಡಬೇಕು. ನೆರೆಮನೆಯ ತಾಯಿ ರೊಟ್ಟಿ ತಟ್ಟುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ಹಿಟ್ಟು ಹಾಕೋಣ್ವಾ? ನೀರು ಹಾಕೋಣ್ವಾ? ಹಾಕು, ಹಾಕು... ಸಾಕು!" ಎನ್ನುತ್ತಿದ್ದುದನ್ನು ನಾವು ಗೋಡೆಯಾಚೆಯಿಂದ ಎಷ್ಟೋ ಬೆಳಗು ಕೇಳಿದ್ದೇವೆ. ಹೇಳಿದ ಮೇಲೆ ಸುಮ್ಮನೆ ಕಾಯಬೇಕು. ಮಗುವಿನ ಸರದಿಯನ್ನು ನಾವು ಕಸಿದುಕೊಳ್ಳಬಾರದು. ಮಗು "ನೀ" ಎಂದರೆ ತಪ್ಪು ತಿದ್ದದೆ "ನೀರು ಬೇಕಾ? ತಣ್ಣೀರು ತಗೋ" ಎಂದು ಬೆಳೆಸಿ ಹೇಳಬೇಕು. ಸ್ನಾನ, ಊಟ, ಬಟ್ಟೆ ಮಡಿಸುವುದು, ಅಂಗಡಿಗೆ ಹೋಗುವುದು, ಎಲ್ಲವೂ ಪಾಠವೇ.

ಸಾಧನ ಸರಿಯಾಗಿದೆಯೇ ಎಂದು ದಿನವೂ ಪರೀಕ್ಷಿಸಲು ಡ್ಯಾನಿಯಲ್ ಲಿಂಗ್ ಎಂಬ ಶಿಕ್ಷಣತಜ್ಞ ಒಂದು ಸುಲಭೋಪಾಯ ಹೇಳಿದ್ದಾನೆ. 'ಮ್', 'ಊ', 'ಆ', 'ಈ', 'ಶ್', 'ಸ್' ಎಂಬ ಆರು ಧ್ವನಿಗಳು ಮಾತಿನ ಆವೃತ್ತಿಗಳನ್ನು ಕೆಳಗಿನಿಂದ ಮೇಲಿನವರೆಗೆ ಬಹುಮಟ್ಟಿಗೆ ಆವರಿಸುತ್ತವೆ. ತಾಯಿ ಬಾಯಿ ಕಾಣದಂತೆ ಮರೆಮಾಡಿ, ಸಹಜವಾದ ದನಿಯಲ್ಲಿ ಒಂದೊಂದನ್ನೇ ಹೇಳುತ್ತಾಳೆ. ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕುತ್ತದೆ. ನೆರಳಿಲ್ಲ, ಕಂಪನವಿಲ್ಲ, ಅತಿ ತೀವ್ರತೆಯಿಲ್ಲ, ಆವೃತ್ತಿಗಳೆಲ್ಲ ಬಂದಿವೆ. ನಮ್ಮ ತಟ್ಟೆಯ ಪ್ರಯೋಗದಲ್ಲಿದ್ದ ಮೂರು ತಪ್ಪುಗಳೂ ಇಲ್ಲಿಲ್ಲ. ಹೈಸ್ಕೂಲಿನಾಚೆಗೆ ಓದದ ಆ ತಾಯಿ ಇದನ್ನು ಪ್ರತಿದಿನ ಬೆಳಿಗ್ಗೆ ಮಾಡುತ್ತಿದ್ದಳು.

ಶ್ರವಣಸಾಧನದಿಂದಲೂ ಕೇಳಿಸದಷ್ಟು ತೀವ್ರವಾದ ದೋಷವಿದ್ದರೆ ಕಾಕ್ಲಿಯದೊಳಗೆ ವಿದ್ಯುದ್ವಾರಗಳ ತಂತಿಯನ್ನು ಶಸ್ತ್ರಚಿಕಿತ್ಸೆಯಿಂದ ಇಡುವುದುಂಟು. ಹೊರಗಿನ ಯಂತ್ರ ಶಬ್ದವನ್ನು ಆವೃತ್ತಿಗಳಾಗಿ ವಿಂಗಡಿಸುತ್ತದೆ. ಪ್ರತಿಯೊಂದು ಪಾಲೂ ಕಾಕ್ಲಿಯದಲ್ಲಿ ತನಗೆ ಸಲ್ಲುವ ಸ್ಥಳದಲ್ಲಿ ನರವನ್ನು ಪ್ರಚೋದಿಸುತ್ತದೆ. ಶಸ್ತ್ರಚಿಕಿತ್ಸೆಯ ಮರುದಿನವೇ ಮಗು ಮಾತನಾಡುತ್ತದೆಂದು ನಂಬುವುದು ತಪ್ಪು. ಅಂದಿನಿಂದ ಕಲಿಕೆ ಪ್ರಾರಂಭ, ಅಷ್ಟೆ.

ಕೈಸನ್ನೆಯ ಭಾಷೆಯನ್ನು ಕೀಳೆಂದು ಭಾವಿಸುವ ಕಾಲ ಕಳೆದುಹೋಗಬೇಕು. ಅದಕ್ಕೂ ವ್ಯಾಕರಣವುಂಟು. ಕಿವುಡ ತಂದೆತಾಯಿಗಳ ಕಿವುಡ ಕೂಸುಗಳು ಕೈಗಳಿಂದಲೇ ತೊದಲುತ್ತವೆ ಎಂಬುದನ್ನು ಪೆಟಿಟೊ ಮತ್ತು ಮಾರೆಂಟೆಟ್ ೧೯೯೧ರಲ್ಲಿ ತೋರಿಸಿದರು. ಮಿದುಳು ಬಯಸುವುದು ಭಾಷೆಯನ್ನು. ಅದು ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಯಾವ ಭಾಷೆಯೂ ಇಲ್ಲದೆ ವರ್ಷಗಳು ಉರುಳುವುದೇ ನಿಜವಾದ ಅಪಾಯ. ಭಾರತೀಯ ಸನ್ನೆಭಾಷೆಯ ಸಂಶೋಧನೆಗೂ ತರಬೇತಿಗೂ ೨೦೧೫ರಲ್ಲಿ ದೆಹಲಿಯಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಸ್ಥಾಪಿತವಾಗಿದೆ.

ಎಲ್ಲಿಗೆ ಹೋಗಬೇಕು?

ಕನ್ನಡಿಗರು ಈ ವಿಷಯದಲ್ಲಿ ಭಾಗ್ಯವಂತರೇ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೫ರಿಂದ ಮೈಸೂರಿನಲ್ಲಿದೆ. ಪರೀಕ್ಷೆ, ಚಿಕಿತ್ಸೆ, ಶಾಲೆಗೆ ಮುಂಚಿನ ತರಬೇತಿ ಎಲ್ಲವೂ ಅಲ್ಲಿ ದೊರೆಯುತ್ತವೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯತಂಡಗಳು ಅಂಗನವಾಡಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡಬೇಕು. ಹೆಚ್ಚಿನ ಪರೀಕ್ಷೆಗೆ ಜಿಲ್ಲಾಮಟ್ಟದ ಕೇಂದ್ರಗಳಿಗೆ ಕಳುಹಿಸಬೇಕು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನ್ಯೂನತೆ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯವರನ್ನೋ ಕೇಳಬಹುದು.

ಇಲ್ಲಿ ಹೇಳಿದ ತತ್ತ್ವ ಶ್ರವಣದೋಷಕ್ಕೆ ಮಾತ್ರ ಸೀಮಿತವಲ್ಲ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಒಂದು ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸದಿದ್ದರೆ, ಬಂದ ಮಾತು ಮರಳಿ ಹೋದರೆ, ಮಗುವನ್ನು ತಜ್ಞರಿಗೆ ತೋರಿಸಬೇಕು. ಕಾರಣಗಳು ಬೇರೆಬೇರೆ, ನೆರವಿನ ವಿವರಗಳೂ ಬೇರೆಬೇರೆ. ಬೇಗ ಕಾಣುವುದು, ಮನೆಯವರಿಗೆ ಕಲಿಸುವುದು, ದಿನನಿತ್ಯದ ಬಾಳಿನಲ್ಲಿಯೇ ಅಭ್ಯಾಸ ಮಾಡಿಸುವುದು, ಈ ಮೂರು ಎಲ್ಲಕ್ಕೂ ಸಮಾನ.

ನೆರೆಮನೆಯ ಹುಡುಗಿ ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಎರಡು ಕಿವಿಗಳಿಗೂ ಸಾಧನ ಧರಿಸಿ ಮೊದಲ ಬೆಂಚಿನಲ್ಲಿ ಕುಳಿತು ಎಲ್ಲರೊಡನೆ ಕಲಿಯುತ್ತಾಳೆ. ಲೆಕ್ಕದಲ್ಲಿ ಚುರುಕು. ಓದುತ್ತಾಳೆ, ಜಗಳವಾಡುತ್ತಾಳೆ, ನಮ್ಮನ್ನು "ಮೇಟ್ರೇ" ಎಂದು ಕರೆಯುತ್ತಾಳೆ. ಷಕಾರ ಇನ್ನೂ ಬಂದಿಲ್ಲ. ಉದ್ದವಾದ ವಾಕ್ಯಗಳಲ್ಲಿ ವಿಭಕ್ತಿಗಳು ಈಗಲೂ ತಪ್ಪುತ್ತವೆ, ಗದ್ದಲದ ತರಗತಿಯಲ್ಲಿ ಪಾಠದ ಅರ್ಧ ಕೈತಪ್ಪುತ್ತದೆ. "ಆವತ್ತೇ ಕರೆದುಕೊಂಡು ಹೋಗಿದ್ದರೆ ಇದೂ ಸರಿಹೋಗುತ್ತಿತ್ತೇ ಮೇಷ್ಟ್ರೇ?" ಎಂದು ಆಕೆಯ ತಾಯಿ ಒಮ್ಮೆ ಕೇಳಿದಳು. ಆಕೆಯ ದನಿಯಲ್ಲಿ ದೂರು ಇರಲಿಲ್ಲ. ನಾವು ನಿಜವನ್ನೇ ಹೇಳಬೇಕಾಯಿತು: ಎಷ್ಟು ಎಂದು ಹೇಳಲಾರೆವು, ಆದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿಯೋ ಕೇರಿಯಲ್ಲಿಯೋ ಇಂತಹ ಒಂದು ಮಗು ಇರಬಹುದು. ವಿಜ್ಞಾನ ಓದಿದವರೆಂದು ನಿಮ್ಮನ್ನೂ ಯಾರಾದರೂ ಕೇಳಿಯಾರು. ಆಗ ತಟ್ಟೆಯನ್ನು ಕೈಗೆ ತೆಗೆದುಕೊಳ್ಳಬೇಡಿ; "ಚಿಂತೆ ಬೇಡ" ಎಂದೂ ಹೇಳಬೇಡಿ. "ಒಮ್ಮೆ ಪರೀಕ್ಷೆ ಮಾಡಿಸಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ" ಎನ್ನಿ. ಕಿವಿ ಸರಿಯಾಗಿದೆಯೆಂದು ತಿಳಿದುಬಂದರೆ ಆಗುವ ನಷ್ಟ ಒಂದು ದಿನದ ಬಸ್ಸಿನ ಖರ್ಚು ಮಾತ್ರ.